ತೀರಾ ಚೆನ್ನಾಗಿ ಹೊಂದಿದ ಗೆರೆ

ಹೋದ ವಾರ ಪ್ರಾಯೋಗಿಕ ಪರೀಕ್ಷೆ ನಡೆಸಲು ಪಿರಿಯಾಪಟ್ಟಣಕ್ಕೆ ಹೋಗುತ್ತಿದ್ದೆ. ಹುಣಸೂರು ದಾಟಿ ಬಸ್ಸು ಎಲ್ಲೋ ನಿಂತಾಗ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ಒಳಗೆ ಬಂತು. ಬೆಲ್ಲದ ಪಾಕ ತಳ ಹಿಡಿಯುವ ಮೊದಲು ಬರುವ ವಾಸನೆಗೆ ಒದ್ದೆ ಹುಲ್ಲಿನ ವಾಸನೆ ಬೆರೆಸಿದಂತಿರುತ್ತದೆ ಅದು. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಕಿಟಕಿ ಮುಚ್ಚಲಿಲ್ಲ. ಆ ವಾಸನೆಯ ನಡುವೆ ಕೂತು ನಾನು ಒಂದು ಮಳೆಗಾಲ ಕಳೆದಿದ್ದೇನೆ. ಅದೇ ಮಳೆಗಾಲದಲ್ಲಿ ನನ್ನ ಗೆಳೆಯ ಮಾದೇಶನನ್ನು ಕಳ್ಳ ಅಂದಿದ್ದೇನೆ.

ನನ್ನದು ಹುಟ್ಟಿನಿಂದಲೇ ಅನುಮಾನದ ಸ್ವಭಾವ. ಹಾಲಿನವನು ಅಳೆದು ಹೋದ ಮೇಲೆ ಇನ್ನೊಂದು ಸಲ ಅಳೆಯುವವಳು ನಾನು. ಬಾಗಿಲಿಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ, ವಾಪಸ್ ಬಂದು ಎಳೆದು ನೋಡುವವಳು. "ಇವ್ಳ ಮುಂದೆ ದೇವ್ರೇ ಬಂದು ನಿಂತ್ರೂ ಆಧಾರ್ ಕಾರ್ಡು ತೋರ್ಸು ಅಂತಾಳೆ" ಎಂದು ಕೆ.ಆರ್. ನಗರದಲ್ಲಿ ನಮ್ಮವ್ವ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಭೌತಶಾಸ್ತ್ರಕ್ಕೆ ಇಂಥವರೇ ಬೇಕು ಎಂದು ನಾನು ಒಳಗೊಳಗೇ ಹೆಮ್ಮೆ ಪಟ್ಟುಕೊಂಡಿದ್ದೆ.

ಹುಣಸೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಪಿಎಚ್.ಡಿ. ಮಾಡುತ್ತಿದ್ದೆ. ಆ ವರ್ಷವೇ ಕೊನೆಯ ಗಡುವು. ಪ್ರಬಂಧ ಒಪ್ಪಿಸದಿದ್ದರೆ ಆರು ವರ್ಷದ ಕೆಲಸ ನೀರುಪಾಲು. ನನ್ನ ಬಾಡಿಗೆ ಮನೆಯ ಪಕ್ಕದಲ್ಲೇ ಮರ ಕೊಯ್ಯುವ ಮಿಲ್ಲು, ಬೆಳಗಿಂದ ಸಂಜೆಯವರೆಗೆ ತಲೆಯ ಮೇಲೇ ಗರಗಸ ಓಡಿದಂತೆ ಸದ್ದು. ಸಂಬಳವಿಲ್ಲದ ರಜೆ ಹಾಕಿ, ಪಿರಿಯಾಪಟ್ಟಣದ ದಾರಿಯ ಒಂದು ಹಳ್ಳಿಯಲ್ಲಿ ಚಿಕ್ಕತಾಯಮ್ಮ ಎಂಬವರ ಮನೆಯ ಹಿತ್ತಲ ಕಡೆಯ ಕೋಣೆ ಹಿಡಿದೆ. ಅರವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡಿದ್ದರು. ಸೊಪ್ಪು ನೆಡಿಸುವುದು, ಮುರಿಸುವುದು, ಹಿತ್ತಲ ಬ್ಯಾರನ್ನಿನಲ್ಲಿ ಬೇಯಿಸುವುದು, ಎಲ್ಲ ಅವರದೇ ಯಜಮಾನಿಕೆ. ಬ್ಯಾರನ್ ಅಂದರೆ ಎರಡಾಳೆತ್ತರದ, ಕಿಟಕಿಯಿಲ್ಲದ ಮಣ್ಣುಗೋಡೆಯ ಮನೆ. ಒಳಗೆ ಕಡ್ಡಿಗೆ ಕಟ್ಟಿದ ಹಸಿ ಸೊಪ್ಪು ಸಾಲುಸಾಲಾಗಿ ತೂಗುತ್ತದೆ, ಹೊರಗಿನ ಒಲೆಯಿಂದ ಬಿಸಿ ಒಳಕ್ಕೆ ಹೋಗುತ್ತದೆ.

ಅಂಥ ಬಿಸಿಯ ಮಗ್ಗುಲಲ್ಲಿ ಕೂತು ನಾನು ಲೆಕ್ಕ ಹಾಕುತ್ತಿದ್ದುದು ಸೊನ್ನೆಗಿಂತ ಸುಮಾರು ಇನ್ನೂರು ಡಿಗ್ರಿ ಕೆಳಗಿನ ವಸ್ತುವಿಗೆ. ಅಧಿಕ ತಾಪದ ಅತಿವಾಹಕ ಎಂದು ಅದರ ಹೆಸರು. ಇನ್ನೂ ಹೆಚ್ಚು ತಣ್ಣಗಾದರೆ ಮಾತ್ರ ಕೆಲಸ ಮಾಡುವ ಹಳೆಯ ಅತಿವಾಹಕಗಳ ಮುಂದೆ ಇದೇ 'ಅಧಿಕ ತಾಪ'. ದ್ರವ ಸಾರಜನಕದಲ್ಲಿ ಅದ್ದಿದರೆ ಇದರೊಳಗೆ ವಿದ್ಯುತ್ತು ಸ್ವಲ್ಪವೂ ತಡೆಯಿಲ್ಲದೆ ಹರಿಯುತ್ತದೆ. ಹತ್ತಿರ ಕಾಂತಕ್ಷೇತ್ರ ತಂದರೆ ಒಳಗೆ ಬಿಡಲು ಒಪ್ಪುವುದಿಲ್ಲ. ಕ್ಷೇತ್ರ ಜೋರಾದರೆ ಅಂಚಿನಿಂದ ಇಷ್ಟಿಷ್ಟೇ ಬಿಡುತ್ತದೆ. ಕ್ಷೇತ್ರ ಇಳಿಸಿದಾಗ ಬಂದ ದಾರಿಯಲ್ಲಿ ವಾಪಸ್ ಹೋಗುವುದಿಲ್ಲ. ಅದಕ್ಕೇ ಕಾಗದದ ಮೇಲೆ ಗೆರೆ ಎಳೆದರೆ ಹಗ್ಗದ ಕುಣಿಕೆಯಂಥ ಆಕಾರ ಬರುತ್ತದೆ. ಈ ಕುಣಿಕೆ ಯಾಕೆ ಹೀಗೆ ಬರುತ್ತದೆ ಎಂದು ಲೆಕ್ಕದಲ್ಲೇ ಹೇಳುವ ಮಾದರಿಯೊಂದನ್ನು ನಾನು ಕಟ್ಟಿದ್ದೆ. ಕಣದಲ್ಲಿ ಭತ್ತ ಸುರಿದಾಗ ರಾಶಿಯ ಇಳಿಜಾರು ಒಂದು ಮಟ್ಟ ಮೀರುವುದಿಲ್ಲ ತಾನೇ? ಮೀರಿದರೆ ಜಾರಿ ಮತ್ತೆ ಅದೇ ಮಟ್ಟಕ್ಕೆ ನಿಲ್ಲುತ್ತದೆ. ಅತಿವಾಹಕವೂ ಒಂದು ಮಿತಿಯವರೆಗೆ ವಿದ್ಯುತ್ತು ಹೊರುತ್ತದೆ, ಆಮೇಲೆ ಜಾರಿಬಿಡುತ್ತದೆ. ಆ ಮಿತಿ ಎಷ್ಟು ಎಂದು ಮೊದಲೇ ಗೊತ್ತಿದ್ದರೆ ಉಳಿದದ್ದನ್ನೆಲ್ಲ ನನ್ನ ಮಾದರಿ ಹೇಳಬೇಕು.

ಆ ವಸ್ತುವಿನ ಒಂದು ತೆಳು ಪಟ್ಟಿಯನ್ನು ಇಟ್ಟುಕೊಂಡು ಇದನ್ನೆಲ್ಲ ನಿಜವಾಗಿ ಅಳೆಯುತ್ತಿದ್ದವನು ಮಾದೇಶ. ಸರಗೂರಿನವನು, ನನ್ನ ಜೊತೆ ಎಂ.ಎಸ್ಸಿ. ಓದಿದವನು. ಇಬ್ಬರಿಗೂ ಒಬ್ಬರೇ ಗೈಡ್, ನಾವು ಮೇಷ್ಟ್ರು ಅನ್ನುತ್ತಿದ್ದವರು. ಅವನು ಮೈಸೂರಿನ ಪ್ರಯೋಗಾಲಯದಲ್ಲಿ ಅಳೆದು ಕಳಿಸಬೇಕು, ನಾನು ಲೆಕ್ಕ ಹಾಕಿ ಹೋಲಿಸಬೇಕು. ಅವನ ಪ್ರಬಂಧ ಆಗಲೇ ಮುಗಿದು ಮೇಷ್ಟ್ರ ಸಹಿಗೆ ಕಾದಿತ್ತು. ಆಗಸ್ಟ್ ಕೊನೆಗೆ ಒಂದು ಖಾಯಂ ಹುದ್ದೆಯ ಸಂದರ್ಶನಕ್ಕೂ ಕರೆ ಬಂದಿತ್ತು. ಪ್ರಬಂಧ ಒಪ್ಪಿಸಿದ ಕಾಗದ ಕೈಯಲ್ಲಿದ್ದರೆ ಮಾತ್ರ ಸಂದರ್ಶನ.

ಹಳ್ಳಿಗೆ ಹೋದ ಮೊದಲ ವಾರವೇ ನನ್ನಂಥ ಅನುಮಾನದವಳ ಮೇಲೆ ಇಡೀ ಊರು ಅನುಮಾನ ಪಟ್ಟಿತು. ಒಂಟಿ ಹೆಂಗಸು, ದಿನವಿಡೀ ಬ್ಯಾರನ್ ಕಡೆ ಮುಖ ಮಾಡಿ ಏನೋ ಬರೆಯುತ್ತಾಳೆ. ಬ್ಯಾರನ್ ಪಕ್ಕದಲ್ಲಿ ಸೌದೆ ರಾಶಿ. ಅರಣ್ಯ ಇಲಾಖೆಯವಳು ಸೌದೆಯ ಲೆಕ್ಕ ಬರೆಯಲು ಬಂದಿದ್ದಾಳೆ ಎಂದು ಊರವರ ಗುಮಾನಿ. ಚಿಕ್ಕತಾಯಮ್ಮನವರೇ ಒಂದು ಬೆಳಿಗ್ಗೆ ಕಾಫಿ ತಂದು ಎದುರು ಕೂತರು.

"ಮೇಡಮ್ಮೋರೆ, ಒಂದ್ ಮಾತ್ ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡಿ. ದಿನಾ ಅದೇನ್ ಬರ್ಕತೀರಿ?"

"ಲೆಕ್ಕ, ಅಮ್ಮ."

"ಯಾವುದ್ರ ಲೆಕ್ಕ? ಸೌದೇದಾ?"

ನಗು ತಡೆದುಕೊಂಡು ಹೇಳಿದೆ. ಒಂದು ಪಟ್ಟಿ ಇದೆ, ಅದನ್ನು ತುಂಬ ತಣ್ಣಗೆ ಮಾಡಿ ಅಯಸ್ಕಾಂತ ಹತ್ತಿರ ತಂದರೆ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೇನೆ ಅಂದೆ.

"ಎಲ್ಲದೆ ಆ ಪಟ್ಟಿ?"

"ಮೈಸೂರಲ್ಲಿ."

"ನೀವು ನೋಡಿದ್ದೀರಾ?"

"ಒಂದ್ಸಲ."

ಅವರು ಲೋಟ ಎತ್ತಿಕೊಂಡು ಎದ್ದರು. "ಮೈಸೂರಲ್ಲಿರೋ ಪಟ್ಟಿಗೆ ಇಲ್ಲಿ ಕುಂತ್ಕಂಡು ಲೆಕ್ಕ" ಎಂದು ಯಾರಿಗೋ ಹೇಳುವಂತೆ ಹೇಳಿ ಹೊರಟರು. ಮಧ್ಯಾಹ್ನ ನೋಡಿದರೆ ಸೌದೆ ರಾಶಿಯ ಮೇಲೆ ನೀಲಿ ಟಾರ್ಪಾಲು ಬಿದ್ದಿತ್ತು. ಮಳೆಗೆ ಅಂದರು. ಅವತ್ತು ಮೋಡವೇ ಇರಲಿಲ್ಲ.

ಆಗಸ್ಟಿನ ಮಧ್ಯದಲ್ಲಿ ಮಾದೇಶನ ಅಳತೆಗಳು ಬಂದವು. ಮಾದರಿಯ ಲೆಕ್ಕ ಓಡಿಸಿ, ಅವನ ಚುಕ್ಕಿಗಳ ಮೇಲೆ ನನ್ನ ಗೆರೆ ಎಳೆದೆ. ಒಂದು ಚುಕ್ಕಿಯೂ ಆಚೀಚೆ ಇಲ್ಲ. ಏರುವಾಗ, ಇಳಿಯುವಾಗ, ತಿರುವಿನಲ್ಲಿ, ಎಲ್ಲ ಕಡೆ ಗೆರೆ ಚುಕ್ಕಿಗಳ ಮೇಲೇ ಕೂತಿತ್ತು. ಕುಣಿದಾಡುವಷ್ಟು ಖುಷಿಯಾಯಿತು. ಆ ಖುಷಿ ಹೆಚ್ಚೆಂದರೆ ಅರ್ಧ ಗಂಟೆ ಇದ್ದಿರಬಹುದು.

ಬೆಳ್ಳಗಿರುವುದೆಲ್ಲ ಹಾಲಲ್ಲ. ನಿಜವಾದ ಅಳತೆ ಇಷ್ಟು ನಯವಾಗಿ ಇರುವುದಿಲ್ಲ, ಅದರಲ್ಲಿ ನಡುಕ ಇರುತ್ತದೆ. ವೋಲ್ಟೇಜು ಏರಿಳಿಯುತ್ತದೆ, ಸಾರಜನಕ ಕುದಿಯುತ್ತದೆ, ಪಕ್ಕದ ಕೋಣೆಯಲ್ಲಿ ಯಾರೋ ಪಂಪು ಹಾಕುತ್ತಾರೆ. ಇವನ ಚುಕ್ಕಿಗಳಲ್ಲಿ ಅದೇನೂ ಇಲ್ಲ. ಅಳತೆ ಮಾಡದೆ ಯಾವುದೋ ಸೂತ್ರದಿಂದಲೇ ಅಂಕಿ ಹುಟ್ಟಿಸಿದ್ದಾನಾ? ಸಂದರ್ಶನದ ಆತುರ ಬೇರೆ ಇದೆಯಲ್ಲ? ಒಂದು ಸಲ ಹೀಗೆ ಶುರುವಾದರೆ ಮುಗಿಯಿತು, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಎರಡು ವಾರ ಫೋನ್ ಎತ್ತದೆ ಇದ್ದದ್ದು, ಜುಲೈನಲ್ಲಿ ಮೂರು ದಿನ ಊರಿಗೆ ಹೋದದ್ದು, 'ಅಳತೆ ಹೆಂಗೈತೆ' ಎಂದು ಕೇಳಿದರೆ 'ಸೂಪರ್' ಎಂದು ನಕ್ಕದ್ದು, ಎಲ್ಲವೂ ಸಾಕ್ಷಿಗಳಾಗಿ ನನ್ನ ಮುಂದೆ ಸಾಲು ನಿಂತವು.

ಆ ದಿನಗಳಲ್ಲೇ ಮೊದಲ ಸೊಪ್ಪು ಬೆಂದು ಜಗಲಿಗೆ ಬಂತು. ಚಿಕ್ಕತಾಯಮ್ಮ ಬಣ್ಣ ನೋಡಿ, ಮುಟ್ಟಿ ನೋಡಿ ಎಲೆಗಳನ್ನು ಬೇರೆ ಬೇರೆ ಗುಡ್ಡೆ ಮಾಡುತ್ತಿದ್ದರು. ಬೇಲು, ಅಂದರೆ ದೊಡ್ಡ ಪಿಂಡಿ, ಕಟ್ಟಿ ಹರಾಜಿಗೆ ಒಯ್ಯುವ ಮೊದಲಿನ ಕೆಲಸ ಅದು. ಕೊಳ್ಳುವವರಿಗೆ ಮೋಸ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

"ಮ್ಯಾಲ್ಗಡೆ ಒಳ್ಳೆ ಸೊಪ್ಪು ಇಟ್ಟು ಒಳಕ್ಕೆ ಕರೀದು ತುಂಬೋರು ಅವ್ರೆ ಕಣವ್ವ. ತಿಳ್ದೋನು ಮ್ಯಾಲ್ ನೋಡಕಿಲ್ಲ, ಸೀದಾ ನಡೂಕೆ ಕೈ ಆಕಿ ಒಂದ್ ಎಲೆ ಎಳೀತಾನೆ. ಮ್ಯಾಲೆ ತೀರಾ ಚೆಂದಾಗಿದ್ರೆ ಅಂತೂ ಮೊದ್ಲು ಕೈ ಅಲ್ಗೇ ಓಗ್ಬೇಕು."

ನನಗೆ ಬೇಕಾಗಿದ್ದ ಮಾತೇ ಸಿಕ್ಕಿತು. ಮಾದೇಶನಿಗೆ ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ನೇರವಾಗಿ ಮೇಷ್ಟ್ರಿಗೆ ಪತ್ರ ಬರೆದೆ: 'ಮಾದೇಶನ ಅಳತೆಗಳು ಸಹಜವಾಗಿ ಕಾಣುತ್ತಿಲ್ಲ. ಪ್ರಯೋಗದಿಂದ ಬಂದವಲ್ಲ, ಸೂತ್ರದಿಂದ ತಯಾರಾದವು ಅನ್ನಿಸುತ್ತದೆ. ಮೂಲ ದಾಖಲೆಗಳನ್ನು ದಯವಿಟ್ಟು ಪರಿಶೀಲಿಸಬೇಕು.' ಕಳಿಸುವ ಗುಂಡಿ ಒತ್ತಿದ ಮೇಲೆ ದೊಡ್ಡ ಕರ್ತವ್ಯ ಮುಗಿಸಿದ ಸಮಾಧಾನದಲ್ಲಿ ಎರಡು ಮುದ್ದೆ ಉಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೇಷ್ಟ್ರು ಮಾದೇಶನಿಗೆ ವಿಷಯ ತಿಳಿಸಿ, ಅವನ ಪ್ರಬಂಧಕ್ಕೆ ಸಹಿ ಹಾಕುವುದನ್ನು ನಿಲ್ಲಿಸಿದರು.

ನಾಲ್ಕನೆಯ ದಿನ ಬೆಳಿಗ್ಗೆ ಜಡಿಮಳೆ. ಅಂಗಳಕ್ಕೆ ಒಂದು ಬೈಕು ಬಂತು. ಹಿಂದೆ ಹಗ್ಗದಿಂದ ಬಿಗಿದ ಅಲ್ಯೂಮಿನಿಯಂ ಕ್ಯಾನು, ಅದರ ಬಾಯಿಯಿಂದ ಬಿಳಿ ಹೊಗೆ. ಮಳೆಯಂಗಿ ಹಾಕಿದ್ದವನ ಮುಖ ಕಾಣುತ್ತಿರಲಿಲ್ಲ. ಚಿಕ್ಕತಾಯಮ್ಮ ಕೊಟ್ಟಿಗೆಯಿಂದ ಇಣುಕಿದರು. ಹಸುಗಳಿಗೆ ಸೂಜಿ ಹಾಕಿ ಗಬ್ಬ ಕಟ್ಟಿಸುವ ಡಾಕ್ಟರು ತರುವುದು ಇದೇ ಸಾರಜನಕದ ಕ್ಯಾನು.

"ಯಾರ್ ಕರೆದ್ರು ಡಾಕ್ಟ್ರೆ ನಿಮ್ಮನ್ನ? ನಮ್ ಹಸ ಬೆದೆಗೇ ಬಂದಿಲ್ವಲ್ಲ!"

"ಹಸೂಗಲ್ಲ ಅವ್ವ" ಎಂದು ಮಾದೇಶ ಟೋಪಿ ತೆಗೆದ. "ನಿಮ್ ಮೇಡಮ್ಮಾರಿಗೆ ಒಂದ್ ಅಳತೆ ತೋರ್ಸಕ್ ಬಂದಿವ್ನಿ."

ನನ್ನ ಕಡೆ ನೋಡಿ ನಗಲಿಲ್ಲ. ಜಗಲಿಯ ಮೇಲೆ ಚೀಲ ಬಿಚ್ಚಿದ. ಒಂದು ಸಣ್ಣ ವಿದ್ಯುತ್ಕಾಂತ, ಅಳೆಯುವ ಕಡ್ಡಿ, ಮೀಟರು, ಬೆರಳಗಲದ ಪಟ್ಟಿಯ ತುಂಡು. ಒಂದು ಸ್ಟೀಲ್ ಪಾತ್ರೆ ಕೇಳಿ ತೆಗೆದುಕೊಂಡು ಅದರೊಳಗೆ ಸಾರಜನಕ ಸುರಿದ. ಜಗಲಿ ತುಂಬ ಹೊಗೆ ಹರಿಯಿತು. "ಲ್ಯಾಬಿನಷ್ಟು ಚೆನ್ನಾಗಿ ಬರಕಿಲ್ಲ. ನಾನು ಓದ್ತೀನಿ, ನೀನು ಬರ್ಕೋ. ಆಮೇಲೆ ನೀನು ಓದು, ನಾನು ಬರ್ಕತೀನಿ" ಅಂದ.

ಬರೆದುಕೊಂಡೆ. ಮೊದಲ ಸುತ್ತು ತುಂಬ ಒರಟು, ಚುಕ್ಕಿಗಳು ಅಲ್ಲೊಂದು ಇಲ್ಲೊಂದು. ಎರಡನೆಯದು ಬೇರೆ ಥರ ಒರಟು. ಮೂರು, ನಾಲ್ಕು, ಐದು. ಆರನೆಯ ಸುತ್ತು ಮುಗಿದ ಮೇಲೆ ಆರೂ ಸುತ್ತುಗಳ ಸರಾಸರಿ ತೆಗೆ ಅಂದ. ತೆಗೆದೆ. ನಡುಕಗಳು ಒಂದನ್ನೊಂದು ಹೊಡೆದುಹಾಕಿ ಗೆರೆ ನಯವಾಗತೊಡಗಿತ್ತು.

"ಲ್ಯಾಬಲ್ಲಿ ಒಂದೊಂದಕ್ಕೂ ಇಪ್ಪತ್ತು ಸುತ್ತು ಮಾಡಿವ್ನಿ" ಅಂದ. "ಎರಡು ವಾರ ಫೋನ್ ಎತ್ಲಿಲ್ಲ ಅಂತ ಬೈದ್ಯಲ್ಲ, ಆವಾಗ."

ಅವನ ಶ್ರಮವನ್ನೇ ನಾನು ಮೋಸ ಅಂದುಕೊಂಡಿದ್ದೆ. ಆದರೂ ನನ್ನೊಳಗಿನ ವಕೀಲೆ ಸುಮ್ಮನಾಗಲಿಲ್ಲ. "ಅಳತೆ ನಯವಾಗಿರೋದು ಸರಿ ಕಣೋ, ನನ್ನ ಗೆರೆ ಅದ್ರ ಮೇಲೆ ಕೂದಲೆಳೆಯಷ್ಟೂ ಬಿಡದೆ ಹೆಂಗೆ ಕೂತ್ಕೊಳ್ತು?" ಎಂದು ಕೇಳಿದೆ.

ಅವನು ಮೀಟರು ಆರಿಸಿ ನನ್ನ ಕಡೆ ತಿರುಗಿದ. "ವಿದ್ಯುತ್ತಿನ ಮಿತಿ ಅಂತ ಹಾಕಿದ್ಯಲ್ಲ, ಆ ಅಂಕಿ ಎಲ್ಲಿಂದ ತಗಂಡೆ?"

"ನೀನೇ ಕಳಿಸಿದ್ದು."

"ನಾನು ಎರಡು ಕಡತ ಕಳಿಸಿದ್ದೆ. ಯಾವುದು?"

ಲ್ಯಾಪ್‌ಟಾಪ್ ತೆರೆದೆ. ಎರಡು ಕಡತಗಳಿದ್ದವು. ಒಂದರಲ್ಲಿ ಹನ್ನೊಂದೇ ಅಂಕಿ, ಅಡ್ಡಾದಿಡ್ಡಿ. ಪಟ್ಟಿಯೊಳಗೆ ನಿಜವಾಗಿ ವಿದ್ಯುತ್ತು ಹರಿಸಿ, ಎಲ್ಲಿ ಜಾರುತ್ತದೆ ಎಂದು ನೋಡಿ ಅಳೆದದ್ದು. ಇನ್ನೊಂದರಲ್ಲಿ ನೂರಾರು ಅಂಕಿ, ಸಾಲಾಗಿ, ಚೆಂದವಾಗಿ. ನಾನು ಆರಿಸಿಕೊಂಡದ್ದು ಚೆಂದದ್ದನ್ನು. ಅದರ ತಲೆಯ ಮೇಲೆ ಮಾದೇಶ ಒಂದು ಸಾಲು ಬರೆದಿದ್ದ: 'ಕುಣಿಕೆಯ ಅಗಲದಿಂದ, ಇದೇ ಮಾದರಿ ಬಳಸಿ ಹಿಂದಕ್ಕೆ ಲೆಕ್ಕ ಹಾಕಿದ್ದು. ಹೋಲಿಕೆಗೆ ಬಳಸಬಾರದು.' ಹಾಲನ್ನು ಎರಡು ಸಲ ಅಳೆಯುವ ನಾನು ಆ ಸಾಲನ್ನು ಒಂದು ಸಲವೂ ಓದಿರಲಿಲ್ಲ.

ಆದದ್ದು ಇಷ್ಟೇ. ಅವನ ಕುಣಿಕೆಯಿಂದ ನನ್ನ ಮಾದರಿಯೇ ಹೆಕ್ಕಿ ತೆಗೆದ ಅಂಕಿಯನ್ನು ಮತ್ತೆ ನನ್ನ ಮಾದರಿಗೇ ತಿನ್ನಿಸಿ, ಅದೇ ಕುಣಿಕೆ ಹೊರಗೆ ಬಂತು ಎಂದು ಬೆರಗಾಗಿದ್ದೆ. ಹೊಂದದೆ ಏನು ಮಾಡೀತು? ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವವರಿಗೂ ನನಗೂ ವ್ಯತ್ಯಾಸ ಉಳಿಯಲಿಲ್ಲ.

"ತಪ್ಪಾಯ್ತು ಮಾದೇಶ" ಅಂದೆ.

"ತಪ್ಪು ಯಾರ್ ಮಾಡಲ್ಲ ಕಣೆ. ನಂಗೆ ಒಂದ್ ಫೋನ್ ಮಾಡಿದ್ರೆ ಐದ್ ನಿಮಿಷದ ಕೆಲ್ಸ. ಮೇಷ್ಟ್ರಿಗ್ಯಾಕ್ ಬರ್ದೆ?"

ಸುಳ್ಳು ಹೇಳಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ. "ನಿನ್ನನ್ನ ಕೇಳಿದ್ರೆ ಹುಷಾರಾಗಿ ಏನಾದ್ರೂ ಹೇಳಿ ತಪ್ಪಿಸ್ಕೋತೀಯ ಅಂದ್ಕೊಂಡೆ."

ಪಾತ್ರೆಯಲ್ಲಿ ಉಳಿದಿದ್ದ ಸಾರಜನಕವನ್ನು ಅವನು ಅಂಗಳಕ್ಕೆ ಚೆಲ್ಲಿದ. "ಇದನ್ನ ನೀನು ಹೇಳ್ದೆ ಇದ್ದಿದ್ರೇ ಚೆನ್ನಾಗಿತ್ತು" ಎಂದು ಚೀಲ ಕಟ್ಟಿಕೊಂಡ. ಚಿಕ್ಕತಾಯಮ್ಮ ಎಷ್ಟು ಕರೆದರೂ ಉಣ್ಣದೆ ಮಳೆಯಲ್ಲೇ ಹೊರಟುಹೋದ.

ಅವನು ಹೋದ ಮೇಲೆ ಚಿಕ್ಕತಾಯಮ್ಮ ಬಂದು ಪಕ್ಕದಲ್ಲಿ ಕೂತರು. ಅಳುತ್ತಿದ್ದೆ, ಮುಚ್ಚಿಡಲು ಆಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಅತಿವಾಹಕ ತಿಳಿಯಿತೋ ಇಲ್ಲವೋ, ತಪ್ಪು ಮಾತ್ರ ನನಗಿಂತ ಚೆನ್ನಾಗಿ ತಿಳಿಯಿತು.

"ತಕ್ಕಡಿ ಸರ್ಯಾಗದಾ ಅಂತ ನೋಡಕ್ಕೆ, ಅದೇ ತಕ್ಕಡೀಲಿ ತೂಗಿದ್ ಕಲ್ಲನ್ನೇ ತೂಕದ್ ಬಟ್ಟು ಮಾಡ್ಕಂಡಂಗಾಯ್ತು ಕಣವ್ವ. ನಡೂಕೆ ಕೈ ಆಕೋದು ಕಲ್ತೆ ಸರಿ. ನಾವು ಹರಾಜ್ಗೆ ಓಗೋಕ್ ಮುಂಚೆ ಮೊದ್ಲು ನಮ್ ಬೇಲ್ಗೆ ನಾವೇ ಕೈ ಆಕ್ಕಂಡು ನೋಡ್ತೀವಿ. ಅದ ನಾ ನಿಂಗೇಳ್ನಿಲ್ಲ. ನಿಂಗೊತ್ತಿರ್ತದೆ ಅನ್ಕಂಡೆ."

ಅವತ್ತೇ ಮೇಷ್ಟ್ರಿಗೆ ಫೋನ್ ಮಾಡಿ ತಪ್ಪೆಲ್ಲ ನನ್ನದು ಎಂದು ಒಪ್ಪಿಕೊಂಡೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು. "ನೀನು ಒಪ್ಪಿಕೊಂಡದ್ದು ಸಂತೋಷ. ಆದರೆ ಪ್ರಶ್ನೆ ಎದ್ದಾಗಿದೆ. ವಿಭಾಗದಲ್ಲಿ ನಾಲ್ಕು ಜನಕ್ಕೆ ಗೊತ್ತಾಗಿದೆ. ಅವನು ಮುಖ್ಯ ಅಳತೆಗಳನ್ನೆಲ್ಲ ಇನ್ನೊಬ್ಬರ ಎದುರಿಗೆ ಮತ್ತೊಮ್ಮೆ ಮಾಡಿಬಿಡಲಿ. ಅವನಿಗೇ ಒಳ್ಳೆಯದು" ಅಂದರು. ಬೇಡಿಕೊಂಡೆ. ಕಟ್ಟಿದ್ದ ಬೇಲನ್ನು ಬಿಚ್ಚಿಸಿದವಳು ನಾನೇ, ಈಗ ಕಟ್ಟಿಬಿಡಿ ಅಂದರೆ ಯಾರು ಕೇಳುತ್ತಾರೆ? ಮಾದೇಶ ಸೆಪ್ಟೆಂಬರ್ ಪೂರ್ತಿ, ಎದುರಿಗೆ ಒಬ್ಬ ಜೂನಿಯರ್‌ನನ್ನು ಕಾವಲು ಕೂರಿಸಿಕೊಂಡು, ಮೊದಲು ಮಾಡಿದ್ದನ್ನೇ ಮಾಡಿದ. ಅಂಕಿಗಳು ಮೊದಲಿನಂತೆಯೇ ಬಂದವು. ಅಷ್ಟರಲ್ಲಿ ಸಂದರ್ಶನದ ದಿನ ದಾಟಿತ್ತು.

ನನ್ನ ಕೆಲಸವನ್ನೂ ಮೊದಲಿನಿಂದ ಮಾಡಿದೆ. ಆ ಹನ್ನೊಂದು ಒರಟು ಅಂಕಿಗಳನ್ನು ಹಾಕಿ ಲೆಕ್ಕ ಓಡಿಸಿದರೆ, ಕಾಂತಕ್ಷೇತ್ರ ಕಡಿಮೆಯಿದ್ದಲ್ಲಿ ಗೆರೆ ಚುಕ್ಕಿಗಳನ್ನು ಬಿಟ್ಟು ದೂರ ಹೋಯಿತು. ಪಟ್ಟಿಯೊಳಗೆ ಹರಿಯುವ ವಿದ್ಯುತ್ತು ತಾನೂ ಒಂದು ಕಾಂತಕ್ಷೇತ್ರ ಹುಟ್ಟಿಸುತ್ತದೆ. ನಾನು ಹೊರಗಿನದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಇದನ್ನು ಬಿಟ್ಟುಬಿಟ್ಟಿದ್ದೆ. ಮೊದಲ ಸಲದ ಗೆರೆ ಈ ತಪ್ಪನ್ನು ಚೆಂದವಾಗಿ ಮುಚ್ಚಿಟ್ಟಿತ್ತು. ಅಕ್ಟೋಬರಿನಲ್ಲಿ ಊರಿನ ಬ್ಯಾರನ್ನುಗಳೆಲ್ಲ ಒಂದೊಂದಾಗಿ ಆರತೊಡಗಿದಾಗ ನಾನು ಮಾದರಿಯನ್ನು ತಿದ್ದುತ್ತಿದ್ದೆ. ತಿದ್ದಿದ ಮೇಲೂ ಪೂರ್ತಿ ಹೊಂದಲಿಲ್ಲ, ಆದರೆ ಎಲ್ಲಿ ಹೊಂದುವುದಿಲ್ಲ, ಯಾಕೆ ಹೊಂದುವುದಿಲ್ಲ ಎಂದು ಹೇಳಬಲ್ಲವಳಾದೆ. ಆ ಅಧ್ಯಾಯವೇ ನನ್ನ ಪ್ರಬಂಧದ ಜೀವ ಎಂದು ಆಮೇಲೆ ಓದಿದವರೆಲ್ಲ ಹೇಳಿದರು.

ಗಡುವಿಗೆ ಮೂರು ದಿನ ಮೊದಲು ಕೃತಜ್ಞತೆಯ ಪುಟ ಬರೆದು, ಮೊದಲ ಸಾಲಿನಲ್ಲೇ ಮಾದೇಶನ ಹೆಸರು ಹಾಕಿ, ಅವನಿಗೆ ಕಳಿಸಿದೆ. ಸಂಜೆ ಅವನೇ ಫೋನ್ ಮಾಡಿದ. ಜಗಲಿಯ ಜಗಳದ ನಂತರ ಮೊದಲ ಸಲ.

"ನನ್ ಹೆಸರು ತಗ್ದ್‌ಬುಡು" ಅಂದ.

"ಇನ್ನೂ ಕೋಪನಾ?"

"ಕೋಪ ಅಲ್ಲ ಕಣೆ. ನಿನ್ ಒಳ್ಳೇದ್ಕೇ ಹೇಳ್ತಿವ್ನಿ. ಅಳತೆ ಮಾಡ್ದೋನು ನಾನು ಅಂತ ಗೊತ್ತಾದ್ರೆ ಪರೀಕ್ಷಕರು ನಿನ್ ಅಧ್ಯಾಯನೂ ನಂಬಲ್ಲ. ನನ್ ಹೆಸರಿಗೆ ಈಗ ಅಷ್ಟೇ ಬೆಲೆ ಇರೋದು."

ವ್ಯಂಗ್ಯಕ್ಕೆ ಹೇಳುತ್ತಿದ್ದಾನಾ ಎಂದು ಒಂದು ಕ್ಷಣ, ನನ್ನ ಹಾಳು ಸ್ವಭಾವಕ್ಕೆ ತಕ್ಕಂತೆ, ಅನುಮಾನ ಪಟ್ಟೆ. ಇರಲಿಲ್ಲ. ಅವನು ನಿಜಕ್ಕೂ ನನ್ನ ಪ್ರಬಂಧದ ಬಗ್ಗೆ ಚಿಂತೆ ಮಾಡುತ್ತಿದ್ದ. ನಾನು ಹೆಸರು ತೆಗೆಯಲಿಲ್ಲ. ಮೌಖಿಕ ಪರೀಕ್ಷೆಯ ದಿನ ತಿಳಿಸಿ, ಬರಲೇಬೇಕು ಅಂದೆ. "ನೋಡ್ತೀನಿ" ಅಂದ.

ಮೌಖಿಕ ಪರೀಕ್ಷೆಗೆ ಸಭಾಂಗಣ ತುಂಬಿತ್ತು. ವಿಭಾಗದವರು, ವಿದ್ಯಾರ್ಥಿಗಳು, ಮುಂದಿನ ಸಾಲಿನಲ್ಲಿ ನಮ್ಮ ಮೇಷ್ಟ್ರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಹಣೆಗೇರಿಸಿ ಕೇಳಿದರು: "ಈ ಅಳತೆಗಳ ಬಗ್ಗೆ ಏನೋ ತಕರಾರು ಇತ್ತಂತಲ್ಲಮ್ಮ? ಎಷ್ಟು ನಂಬಬಹುದು ಇವನ್ನು?"

ಒಬ್ಬಿಬ್ಬರು ನಕ್ಕರು. ನಾನು ಪರದೆಯ ಮೇಲೆ ಮೊದಲ ಸಲದ ಗೆರೆಯನ್ನು ತೋರಿಸಿದೆ, ಕೂದಲೆಳೆಯಷ್ಟೂ ತಪ್ಪದೆ ಚುಕ್ಕಿಗಳ ಮೇಲೆ ಕೂತಿದ್ದ ಆ ಸುಂದರ ಗೆರೆಯನ್ನು. ಅದು ಹೇಗೆ ಬಂತು, ನಾನು ಯಾವ ಸಾಲನ್ನು ಓದಲಿಲ್ಲ, ಓದದೆ ಯಾರಿಗೆ ಏನೆಂದು ಬರೆದೆ, ಅದರಿಂದ ಮಾದೇಶ ಏನು ಕಳೆದುಕೊಂಡ ಎಂದು ಬಿಡಿಸಿ ಹೇಳಿದೆ. ತಕರಾರು ಮಾಡಿದವಳು ನಾನೊಬ್ಬಳೇ, ತಪ್ಪು ಇದ್ದದ್ದೂ ನನ್ನಲ್ಲೇ, ಈ ಪ್ರಬಂಧದಲ್ಲಿ ಕಣ್ಣು ಮುಚ್ಚಿ ನಂಬಬಹುದಾದದ್ದು ಅವನ ಅಳತೆ ಮಾತ್ರ ಅಂದೆ. ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು.

ಎಲ್ಲ ಹೇಳಿ ಮುಗಿಸಿ, ಅವನ ಮುಖ ನೋಡಬೇಕೆಂದು ಹಿಂದಿನ ಸಾಲಿನಿಂದ ಮುಂದಿನ ಸಾಲಿನವರೆಗೆ ಒಂದೊಂದು ಕುರ್ಚಿಯನ್ನೂ ಹುಡುಕಿದೆ. ಮಾದೇಶ ಬಂದಿರಲಿಲ್ಲ.